ತುಪ್ಪೀರೆ ನಾರು ಹುಡುಕಿಕೊಂಡು ಮೂರು ದಿನ

ಕೊರಟಗೆರೆಯಿಂದ ಬಸ್ಸು ಹೊರಟಾಗ ಬೆಳಿಗ್ಗೆ ಏಳೂವರೆ. ಡಿಸೆಂಬರಿನ ಮಂಜು ರಸ್ತೆಯ ಮೇಲೆ ದಟ್ಟವಾಗಿ ಕೂತಿತ್ತು. ಹುಣಸೆಮರಗಳು ಒಂದೊಂದಾಗಿ ಕಿಟಕಿಯ ಹತ್ತಿರ ಬಂದು, ಒಂದು ಗಳಿಗೆ ಮರವಾಗಿ ಕಂಡು, ಮತ್ತೆ ಬಿಳುಪಿನೊಳಗೆ ಕರಗುತ್ತಿದ್ದವು. ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾ, "ಏನಮ್ಮಾ, ಇಷ್ಟು ಚಳೀಲಿ ಮಧುಗಿರಿಗೆ?" ಎಂದ.

"ಬೆನ್ನುಜ್ಜೋ ನಾರು ತರೋಕೆ" ಎಂದೆ.

ಅವನು ತಮಾಷೆ ಎಂದುಕೊಂಡು ನಕ್ಕು ಮುಂದಿನ ಸೀಟಿಗೆ ಹೋದ. ನಾನು ಹೇಳಿದ್ದು ನಿಜವಾಗಿತ್ತು.

ಹಿಂದಿನ ವರ್ಷ ನನ್ನ ಬಲ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡು, ಆಪರೇಷನ್ ಆಗಿ, ಆ ಎದೆಯನ್ನೇ ತೆಗೆದುಹಾಕಿದ್ದರು. ಆಮೇಲೆ ಇಪ್ಪತ್ತೈದು ದಿನ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು. ಕಾಯಿಲೆ ಹೋಯಿತು, ಆದರೆ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದನ್ನು ಬಿಟ್ಟಿತು. ಮೂವತ್ತು ವರ್ಷ ಪ್ರೈಮರಿ ಶಾಲೆಯ ಕರಿಹಲಗೆಯ ಮೇಲೆ ಅಕ್ಷರ ಬರೆದ ಕೈ ಅದು. ನನ್ನ ಬೆನ್ನು ನನಗೆ ಸಿಗದಾಯಿತು. ನಮ್ಮ ಯಜಮಾನರು ಎರಡು ಮೂರು ಸಲ, "ನಾನು ಉಜ್ಜಿಕೊಡ್ಲಾ?" ಎಂದು ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದರು. ಬೇಡ ಎಂದೆ. ಆ ಕಡೆಯ ಮೈಯನ್ನು ನಾನೇ ನೋಡಿಕೊಳ್ಳುತ್ತಿರಲಿಲ್ಲ, ಇನ್ನು ಅವರಿಗೆ ಹೇಗೆ ತೋರಿಸಲಿ? ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಕೊರಟಗೆರೆಯ ಅಂಗಡಿಗಳಲ್ಲಿ ಸಿಗುವುದನ್ನೆಲ್ಲ ತಂದು ನೋಡಿದ್ದೆ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಲೆಯ ಉಂಡೆ ನೊರೆ ಮಾಡುತ್ತದೆ, ಕೊಳೆ ತೆಗೆಯುವುದಿಲ್ಲ. ಸ್ಪಂಜು ನಾಲ್ಕು ದಿನಕ್ಕೆ ವಾಸನೆ ಬರುತ್ತದೆ. ತೆಂಗಿನ ನಾರು ನನ್ನ ಚರ್ಮಕ್ಕೆ ಆಗದು. ಕರೆಂಟ್ ಕೊಟ್ಟ ಜಾಗ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿದೆ. ಬೇಕಿದ್ದದ್ದು ಬಳ್ಳಿಯಲ್ಲೇ ಒಣಗಿದ ಒಳ್ಳೆಯ ತುಪ್ಪೀರೆಕಾಯಿಯ ನಾರು. ಅದು ನಾನೊಬ್ಬಳೇ, ಎಡಗೈಯಲ್ಲೇ, ಬೆನ್ನಿಗೆ ಎಟುಕಿಸಿಕೊಳ್ಳುವಷ್ಟು ಉದ್ದವಿರಬೇಕು. ಯಾರ ಹಂಗೂ ಬೇಡ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಇಪ್ಪತ್ತು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮಧುಗಿರಿ ಬಂದಾಗ ಬೆಟ್ಟದ ಬುಡವೆಲ್ಲ ಮಂಜಿನಲ್ಲಿ ಮುಳುಗಿ, ತುದಿಯ ಬಂಡೆಯೊಂದೇ ಬಿಸಿಲು ಹಿಡಿದುಕೊಂಡು ಊರಿನ ಮೇಲೆ ತೇಲುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತಾ ನಿಂತಿದ್ದಾಗ ಯಾರೋ ಬ್ಯಾಗು ಕಿತ್ತುಕೊಂಡರು. ನನ್ನ ನಾದಿನಿ ಜಯಮ್ಮ.

"ಬೆಟ್ಟ ಎಲ್ಲೂ ಓಗಲ್ಲ ಕಣತ್ಗೆ, ಮೊದ್ಲು ಇಡ್ಲಿ ತಿನ್ನಿ ಬನ್ನಿ" ಎಂದಳು.

ಜಯಮ್ಮ ನಮ್ಮ ಯಜಮಾನರ ತಂಗಿ. ಗಂಡ ಹೋಗಿ ಹನ್ನೆರಡು ವರ್ಷವಾಯಿತು. ಮಧುಗಿರಿಯಲ್ಲೇ ಒಂದು ಕೋಣೆಯ ಮನೆ, ಮುಂದಿನ ಜಗುಲಿಯಲ್ಲಿ ಹೊಲಿಗೆ ಮಿಷಿನ್ನು, ಊರಿನ ಅರ್ಧ ಹೆಂಗಸರ ರವಿಕೆ ಅವಳದೇ ಹೊಲಿಗೆ. ಫೋನಿನಲ್ಲಿ ವಿಷಯ ಹೇಳಿದ ಕೂಡಲೇ, "ನಾನೂ ಬತ್ತೀನಿ, ಮೂರು ದಿನ ಮಿಷಿನ್ನಿಗೂ ರಜ" ಎಂದಿದ್ದಳು.

ಇಡ್ಲಿ, ಚಟ್ನಿ, ಕಾಫಿ ಇಬ್ಬರಿಗೂ ಸೇರಿ ತೊಂಬತ್ತು ರೂಪಾಯಿ. ಅಲ್ಲಿಂದ ಪೇಟೆಯ ಗ್ರಂಧಿಗೆ ಅಂಗಡಿಗಳನ್ನೆಲ್ಲ ಸುತ್ತಿದೆವು. ಸೀಗೆಪುಡಿ, ಅಂಟುವಾಳದ ಕಾಯಿ, ಕಸ್ತೂರಿ ಅರಿಶಿನ ಎಲ್ಲ ಇತ್ತು. ಮೂರನೆಯ ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಒಂದು ಪ್ಯಾಕೆಟ್ ತೆಗೆದುಕೊಟ್ಟ. ಒಳಗೆ ಚಪ್ಪಟೆಯಾಗಿ ಒತ್ತಿದ, ಹಾಲಿನಷ್ಟು ಬೆಳ್ಳಗಿನ ನಾರಿನ ತುಂಡು. ಅರವತ್ತು ರೂಪಾಯಿ.

"ಇಷ್ಟು ಬೆಳ್ಳಗೆ ಯಾವ ಬಳ್ಳೀಲಿ ಬಿಡ್ತದೋ?" ಎಂದಳು ಜಯಮ್ಮ.

"ಕ್ಲೀನ್ ಮಾಡಿರ್ತಾರೆ ಅಕ್ಕ. ಫ್ಯಾಕ್ಟ್ರಿ ಮಾಲು" ಎಂದ ಅಂಗಡಿಯವನು.

ಸಂಜೆ ಅವಳ ಮನೆಯಲ್ಲಿ ಬಿಸಿನೀರಿಗೆ ಹಾಕಿದರೆ ಅದು ಐದು ನಿಮಿಷದಲ್ಲಿ ಶ್ಯಾವಿಗೆಯ ಹಾಗೆ ಬಿಟ್ಟುಕೊಂಡಿತು. ಅದನ್ನೇ ಮುದ್ದೆ ಮಾಡಿಕೊಂಡು ಸ್ನಾನಕ್ಕೆ ಹೊರಟಾಗ ಜಯಮ್ಮ ಸೀರೆ ಎತ್ತಿಕಟ್ಟಿ ಹಿಂದೆಯೇ ಬಂದಳು. "ನಾನು ಉಜ್ತೀನಿ ಬುಡಿ ಅತ್ಗೆ."

"ಬೇಡ ಜಯಾ" ಎಂದು ಒಳಗಿನಿಂದ ಚಿಲಕ ಹಾಕಿಕೊಂಡೆ.

ಆಮೇಲೆ, "ನಾನೇನು ಹೊರಗಿನೋಳಾ?" ಎನ್ನುವ ಮಾತು ಬಾಗಿಲಾಚೆಯಿಂದ ಮೆಲ್ಲಗೆ ಬಂತು. ನೀರು ಸುರಿದುಕೊಂಡೆ. ಆಪರೇಷನ್ ಆದಾಗಲೂ ಅವಳನ್ನು ಆಸ್ಪತ್ರೆಯ ಕೋಣೆಯೊಳಗೆ ಬಿಟ್ಟುಕೊಂಡಿರಲಿಲ್ಲ. ತುಮಕೂರಿನವರೆಗೂ ಸಾರಿನ ಡಬ್ಬಿ ಹಿಡಿದು ಬಂದವಳನ್ನು ವರಾಂಡದಿಂದಲೇ ಕಳಿಸಿದ್ದೆ. ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ಅವಳು ಚೆನ್ನಾಗಿಯೇ ಬಡಿಸಿದಳು, ಮಾತು ಮಾತ್ರ ಕಡಿಮೆಯಿತ್ತು.

ಎರಡನೆಯ ದಿನ ಶಿರಾ. ಬೆಳಗಿನ ಬಸ್ಸು, ಸುಮಾರು ಒಂದೂವರೆ ಗಂಟೆಯ ದಾರಿ. ರಾಗಿ ಕುಯ್ದ ಹೊಲಗಳಲ್ಲಿ ಕುರಿಮಂದೆ ನಿಂತಿತ್ತು. ಚಳಿಗೆ ಅವುಗಳ ಉಸಿರೆಲ್ಲ ಸೇರಿ ಹೊಲದ ಮೇಲೆ ಒಂದು ಸಣ್ಣ ಮೋಡ ಕಟ್ಟಿತ್ತು. ಜಯಮ್ಮ ಕಿಟಕಿಗೆ ತಲೆಯಿಟ್ಟು ನಿದ್ದೆಹೋದಳು. ನಾನೂ ಅರ್ಧ ಎಚ್ಚರದಲ್ಲಿದ್ದೆ. ಬಸ್ಸು ಎಲ್ಲಿ ನಿಂತಿತು, ಯಾರು ಹತ್ತಿದರು, ಒಂದೂ ನೆನಪಿಲ್ಲ. ಹಸಿ ಹುಲ್ಲಿನ ವಾಸನೆ ಒಮ್ಮೆ ಬಂದು ಹೋದದ್ದು ಮಾತ್ರ ನೆನಪಿದೆ.

ಶಿರಾದ ಹಳೇ ಪೇಟೆಯಲ್ಲಿ ಕೇಳುತ್ತಾ ಹೋದಾಗ ಒಬ್ಬರು ಅತ್ತರಿನ ಅಂಗಡಿಯೊಂದನ್ನು ತೋರಿಸಿದರು. ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿಗಡ್ಡದ ಸಾಹೇಬರು ಕೂತಿದ್ದರು. ಸುರ್ಮಾ, ಮೆಹೆಂದಿ, ಅತ್ತರಿನ ಶೀಷೆಗಳ ನಡುವೆ ಕರಿ ಕಂಬಳಿಯ ಚೂರುಗಳಲ್ಲಿ ಹೊಲಿದ ಕೈಚೀಲಗಳು ತೂಗುತ್ತಿದ್ದವು. ಕೈಗೆ ಹಾಕಿಕೊಂಡು ಮೈ ಉಜ್ಜಿಕೊಳ್ಳುವ ಚೀಲ.

"ನಮ್ ಮನೆಯವರು ಹೊಲಿಯೋದು. ಪೂರಾ ಉಣ್ಣೆ. ಗಂಡಸರಿಗೆ ಬಹುತ್ ಅಚ್ಛಾ. ನಿಮಗಾ ಅಮ್ಮಾ?" ಎಂದು ನನ್ನ ಮುಖ ನೋಡಿ, ಒಳಗೆ ತಿರುಗಿ ಕರೆದರು. "ಫಾತಿಮಾ, ಹೆಂಗಸರು ಬಂದವ್ರೆ ನೋಡು."

ಪರದೆ ಸರಿಸಿಕೊಂಡು ಬಂದ ಫಾತಿಮಾಬಿಗೆ ನನ್ನ ವಯಸ್ಸೇ ಇರಬಹುದು. ನಮ್ಮಿಬ್ಬರನ್ನೂ ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ ಚಾ ಕೊಟ್ಟರು. ಬೆನ್ನಿಗೆ ಎಟುಕುವ ಉದ್ದ ಹಿಡಿಯ ತುಪ್ಪೀರೆ ನಾರು ಬೇಕಿತ್ತು ಎಂದೆ. ಚೀಲವನ್ನು ನನ್ನ ಎಡ ಮುಂಗೈ ಮೇಲೆ ಒಮ್ಮೆ ಎಳೆದರು. ಚುರುಗುಟ್ಟಿತು. ನಾನು ಮುಖ ಕಿವುಚಿದ್ದು ನೋಡಿ ಚೀಲವನ್ನು ಪಕ್ಕಕ್ಕಿಟ್ಟರು.

"ನಾಜೂಕು ಚರ್ಮ. ನಿಮ್ಗೆ ಬ್ಯಾಡ. ಉದ್ದ ಹಿಡಿ ಯಾಕೆ ಕೇಳ್ತೀರಿ? ಮನೇಲಿ ಬೆನ್ನುಜ್ಜೋರು ಯಾರೂ ಇಲ್ವಾ?"

ಯಾಕೆ ಹೇಳಿದೆನೋ ಗೊತ್ತಿಲ್ಲ. ಬಹುಶಃ ಇನ್ನೆಂದೂ ನೋಡದ ಮುಖವೆಂದು ಇರಬೇಕು. "ಇದ್ದಾರೆ. ಎದೆ ತೆಗೆಸಿಬಿಟ್ಟಿದ್ದೀನಿ. ನೋಡಿದೋರು ಹೇಸಿಕೋತಾರೆ ಅಂತ ಭಯ" ಎಂದೆ. ಒಂದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಜಯಮ್ಮನ ಕೈಯಲ್ಲಿದ್ದ ಚಾ ಲೋಟ ಅಲ್ಲೇ ನಿಂತಿತು.

ಫಾತಿಮಾಬಿ ಅಯ್ಯೋ ಪಾಪ ಅನ್ನಲಿಲ್ಲ. "ನಮ್ಮ ಆಪಾಗೂ ಆಗಿತ್ತು. ದೊಡ್ಡ ಅಕ್ಕ" ಎಂದರು. "ಮನೇಲಿ ಇದ್ದ ಕನ್ನಡೀನೆಲ್ಲ ಗೋಡೆ ಕಡೆ ತಿರುಗಿಸಿಟ್ಬುಟ್ಟಿದ್ಲು. ನಾವು ಯಾರೂ ಸೀದಾ ಮಾಡಕ್ಕೆ ಓಗ್ಲಿಲ್ಲ. ಸುಮ್ನೆ ದಿನಾ ಅವಳ ತಲೆ ಬಾಚ್ತಿದ್ವಿ, ಅಷ್ಟೇ."

"ಆಮೇಲೆ?" ಎಂದು ಕೇಳಿದ್ದು ಜಯಮ್ಮ.

"ಆಮೇಲೆ ಒಂದಿನ ಬೈತಲೆ ಸೊಟ್ಟ ತೆಗೆದೀರಾ ಅಂತ ಬೈದ್ಲು. ಕನ್ನಡಿ ನೋಡ್ಕೊಂಡಿದ್ಲು."

ಹೊರಡುವಾಗ ಅವರೇ ದಾರಿ ಹೇಳಿದರು. ಒಳ್ಳೆಯ ತುಪ್ಪೀರೆ ನಾರು ಬೇಕಿದ್ದರೆ ಪಾವಗಡದ ಆಚೆ ನಾಗಲಮಡಿಕೆ ಹತ್ತಿರದ ಹಳ್ಳಿಗೆ ಹೋಗಬೇಕು. ಓಬಳಮ್ಮ ಎನ್ನುವವರು ಬೆಳೆಯುತ್ತಾರೆ. ಬಳೆ ಮಾರುವವಳ ಕೈಯಲ್ಲಿ ಒಮ್ಮೊಮ್ಮೆ ಶಿರಾಕ್ಕೂ ಕಳಿಸುತ್ತಾರೆ. ಚಾಗೆ ದುಡ್ಡು ಕೊಡಹೋದರೆ ಗದರಿದರು.

ಮಧ್ಯಾಹ್ನ ಪಾವಗಡದ ಖಾಸಗಿ ಬಸ್ಸು ಹಿಡಿದೆವು. ಅದರಲ್ಲಿ ಸೊನ್ನೆ ಟಿಕೆಟ್ ಇಲ್ಲ, ಒಬ್ಬರಿಗೆ ಎಂಬತ್ತು ರೂಪಾಯಿ. ದಾರಿ ಒಂದಷ್ಟು ದೂರ ಆಂಧ್ರದೊಳಗೆ ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಅಂಗಡಿ ಬೋರ್ಡುಗಳು ಕನ್ನಡದಿಂದ ತೆಲುಗಿಗೆ ಯಾವಾಗ ಬದಲಾದವು, ಯಾವಾಗ ವಾಪಸು ಬಂದವು ತಿಳಿಯಲಿಲ್ಲ. ಎರಡೂ ಲಿಪಿಯ ದುಂಡು ಅಕ್ಷರಗಳು ತೂಕಡಿಕೆಯ ಕಣ್ಣಿಗೆ ಒಂದೇ ಆಗಿ ಕಂಡವು. ಬೆಳೆ ಕಡಿಮೆಯಾಗುತ್ತಾ ಕಲ್ಲು ಹೆಚ್ಚಾಯಿತು. ಗುಂಡುಬಂಡೆಯ ಗುಡ್ಡಗಳು ಇಳಿಬಿಸಿಲಲ್ಲಿ, ಬೆನ್ನು ಕೊಟ್ಟು ಕೂತ ಹೆಂಗಸರ ಹಾಗೆ ಸಾಲಾಗಿದ್ದವು. ಒಬ್ಬಳ ಹಿಂದೆ ಒಬ್ಬಳು, ದೂರದವರೆಗೂ. ಬಿಸಿಲು ಅವರ ಬೆನ್ನ ಮೇಲಿಂದ ನಿಧಾನವಾಗಿ ಇಳಿಯುತ್ತಿತ್ತು.

ಪಾವಗಡದ ಕೋಟೆಬೆಟ್ಟ ಕಂಡಾಗ ಜಯಮ್ಮ, ನನ್ನ ಕಡೆ ನೋಡದೆ, "ನಾನು ಹೇಸ್ಕೋತೀನಿ ಅಂತ ಅಂದ್ಕೊಂಡ್ರಾ?" ಎಂದಳು.

"ಗೊತ್ತಿಲ್ಲ ಜಯಾ" ಎಂದೆ. ಅದು ನಿಜ.

ಬಸ್ ನಿಲ್ದಾಣದ ಹತ್ತಿರ ಲಾಡ್ಜಿನಲ್ಲಿ ಉಳಿದೆವು. ಆರುನೂರು ರೂಪಾಯಿ, ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಎಂದು ಗೋಡೆಯ ಮೇಲೆ ಬರೆದಿತ್ತು. ಬೆಳಿಗ್ಗೆ ಆ ನೀರೂ ಬರಲಿಲ್ಲ. ಮುಖ ತೊಳೆದುಕೊಂಡು ಹೊರಟುಬಿಟ್ಟೆವು.

ಮೂರನೆಯ ದಿನ ನಾಗಲಮಡಿಕೆ ಕಡೆಯ ಬಸ್ಸಿನಲ್ಲಿ ಕೂತು ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಯಮ್ಮ, "ಅತ್ಗೆ, ಇಲ್ಲಿ ಕೆರೆ ತುಂಬ್ಯದೆ!" ಎಂದು ನನ್ನ ತೊಡೆ ಚಿವುಟಿದಳು. ನೋಡಿದರೆ ದಿಗಂತದವರೆಗೆ ನೀಲಿ. ಬಿಸಿಲು ಅದರ ಮೇಲೆ ಮಿರಮಿರ ಮಿನುಗುತ್ತಿತ್ತು. ಹತ್ತಿರ ಬಂದಂತೆ ಆ ನೀರಿಗೆ ಕಾಲುಗಳು ಮೂಡಿದವು. ಸೋಲಾರ್ ಹಲಗೆಗಳು, ಸಾಲು ಸಾಲು. ಅವುಗಳ ನಡುವೆ ಒಬ್ಬ ಮನುಷ್ಯ ಉದ್ದ ಕೋಲಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದೇ ಹಲಗೆಯನ್ನು ಒರೆಸುತ್ತಿದ್ದ. ಬಸ್ಸು ಎಷ್ಟು ಓಡಿದರೂ ಆ ನೀಲಿ ಮುಗಿಯಲಿಲ್ಲ.

ಇಳಿದ ಮೇಲೆ ಒಂದು ಮೈಲಿ ನಡಿಗೆ. ಓಬಳಮ್ಮನ ಮನೆ ಕೇಳಬೇಕಾಗಲಿಲ್ಲ. ಮೇಕೆ ಕೊಟ್ಟಿಗೆಯ ಮಾಡಿನ ಮೇಲೆಲ್ಲ ಬಳ್ಳಿ ಹಬ್ಬಿ, ಒಣಗಿದ ತುಪ್ಪೀರೆಗಳು ಕಂದುಬಣ್ಣಕ್ಕೆ ತಿರುಗಿ ತೂಗುತ್ತಿದ್ದವು. ಗಾಳಿ ಬೀಸಿದಾಗೆಲ್ಲ ಒಳಗಿನ ಬೀಜ ಗಿಲಿಗಿಲಿ ಎನ್ನುತ್ತಿತ್ತು. ಆ ಸದ್ದಿನಲ್ಲೇ ನನಗೆ ನಿದ್ದೆ ಬರುವ ಹಾಗಾಯಿತು.

"ರಾ ಅಮ್ಮಾ, ಕೂಚೋ. ನೇತಿ ಬೀರಕಾಯಾ? ತುಪ್ಪೀರೆ ನೋಡಕ್ಕೆ ಬಂದ್ರಾ?" ಎಂದು ಎದುರುಗೊಂಡ ಓಬಳಮ್ಮನಿಗೆ ಎಪ್ಪತ್ತರ ಮೇಲಾಗಿತ್ತು. ಬೆನ್ನು ಬಾಗಿದ್ದರೂ ಕೈ ಚುರುಕು. ನೆನೆಹಾಕಿದ ಒಂದು ಕಾಯಿ ತೆಗೆದು ಸಿಪ್ಪೆಯನ್ನು ಹಾವಿನ ಪೊರೆಯ ಹಾಗೆ ಒಂದೇ ಎಳೆತಕ್ಕೆ ಬಿಡಿಸಿ, ಕಲ್ಲಿಗೆ ನಾಲ್ಕು ಸಲ ಕುಟ್ಟಿ ಬೀಜ ಉದುರಿಸಿದರು. ಒಳಗೆ ಹೆಣೆದುಕೊಂಡ ನಾರು, ಹಣ್ಣು ನಿಂಬೆಯ ಬಣ್ಣ. ಬಿಸಿಲಿಗೆ ಹಿಡಿದರೆ ಅದರೊಳಗೆ ಮೂರು ಉದ್ದ ಕೊಳವೆಗಳು ಕಂಡವು. ಬೆರಳಿಟ್ಟು ಒತ್ತಿದೆ. ಕುಗ್ಗಿ, ಮತ್ತೆ ಉಸಿರು ಎಳೆದುಕೊಂಡ ಹಾಗೆ ಉಬ್ಬಿತು. ಅಂಗಡಿಯ ಯಾವ ಮಾಲೂ ಹೀಗೆ ಮಾಡಿರಲಿಲ್ಲ.

"ಬೆಳ್ಳಗೆ ಮಾಡಕ್ಕೆ ಏನೂ ಹಾಕಲ್ವಾ?" ಎಂದು ಜಯಮ್ಮ ಕೇಳಿದಳು.

"ಬಿಳುಪು ಯಾತಕಮ್ಮಾ? ಮೈ ಉಜ್ಜಕ್ಕಾ, ಗ್ವಾಡೆಗೆ ನೇತಾಕಕ್ಕಾ?" ಎಂದರು ಓಬಳಮ್ಮ.

ನಾನು ನನ್ನ ಕೈಯ ವಿಷಯ ಹೇಳಿದೆ. ಅವರು ಎದ್ದುಹೋಗಿ ಎರಡು ಬಗೆಯದನ್ನು ತಂದರು. ಒಂದು ಸೀಳಿ ಬಿಡಿಸಿದ ಉದ್ದ ನಾರಿನ ಪಟ್ಟಿ, ಎರಡು ತುದಿಗೂ ಹಗ್ಗದ ಹಿಡಿ. ಹಿಡಿದು ನೋಡಿದೆ, ಎರಡು ಕೈಯೂ ಮೇಲೆ ಕೆಳಗೆ ಆಡಬೇಕು, ನನ್ನಿಂದ ಆಗದು. ಇನ್ನೊಂದು ಬಿದಿರು ಕೋಲಿನ ತುದಿಗೆ ಬಿಗಿದ ನಾರಿನ ತುಂಡು. ಅದು ಎಡಗೈಯಲ್ಲಿ ಹಗುರವಾಗಿ ಕೂತಿತು. ನೂರ ಐವತ್ತು ರೂಪಾಯಿ. ತಕ್ಷಣ ದುಡ್ಡು ತೆಗೆದೆ. ಓಬಳಮ್ಮ ತೆಗೆದುಕೊಳ್ಳಲಿಲ್ಲ.

"ನೀಳ್ಳಲ್ಲಿ, ನೀರಲ್ಲಿ ಹಾಕಿ ನೋಡದೆ ಕೊಳ್ಳಬ್ಯಾಡಿ. ಹಂಡೇಲಿ ನೀರು ಕಾದದೆ. ಪೋಯಿ ಸ್ನಾನ ಮಾಡಮ್ಮಾ."

ಬಚ್ಚಲೆಂದರೆ ನಾಲ್ಕು ಚಪ್ಪಡಿ ಕಲ್ಲು ನಿಲ್ಲಿಸಿ, ಬಾಗಿಲಿಗೆ ಹಳೆಯ ಸೀರೆ ಕಟ್ಟಿದ ಜಾಗ. ಮೇಲೆ ಆಕಾಶ. ಕಟ್ಟಿಗೆಯ ಹೊಗೆಯ ವಾಸನೆಯ ನೀರು. ಮೊದಲ ಚೊಂಬು ಸುರಿದುಕೊಂಡಾಗ ಹಬೆ ಎದ್ದು ಕಲ್ಲುಗಳನ್ನೆಲ್ಲ ಮರೆಮಾಡಿತು. ಮೂರು ದಿನದ ಬಸ್ಸು, ಮಂಜು, ಗುಡ್ಡ ಎಲ್ಲ ಆ ಹಬೆಯೊಳಗೆ ಸೇರಿಹೋದವು. ಕೋಲು ತೆಗೆದುಕೊಂಡು ಎಡ ಭುಜದ ಮೇಲಿಂದ ಇಳಿಸಿದೆ. ನಾರು ಮೆತ್ತಗಾಗಿತ್ತು, ಆದರೂ ಹಿಡಿತವಿತ್ತು. ಎಡಭಾಗಕ್ಕೆ ಎಟುಕಿತು, ಸೊಂಟಕ್ಕೂ ಎಟುಕಿತು. ಬಲಗಡೆಗೆ ತಿರುಗಿಸಿದರೆ ಕೋಲು ಜಾರಿ ಕಲ್ಲಿಗೆ ಬಡಿಯಿತು. ಮತ್ತೆ ಎತ್ತಿದೆ, ಮತ್ತೆ ಬಡಿಯಿತು. ಹುಡುಕಿ ಬಂದದ್ದು ಸಿಕ್ಕಿತ್ತು, ನಾನು ಕೇಳಿದ ಹಾಗೆಯೇ ಇತ್ತು. ಆದರೂ ಬಲ ಭುಜದ ಕೆಳಗಿನ ಅಂಗೈಯಗಲ ಜಾಗ ಮಾತ್ರ ಹಾಗೇ ಉಳಿಯಿತು. ಅಳು ಬಂತು. ಚೊಂಬನ್ನು ಕುಕ್ಕಿದೆ.

ಸೀರೆಯ ಆಚೆ ಜಯಮ್ಮನ ನೆರಳು ಬಂದು ನಿಂತಿತು. ಒಳಗೆ ಬರಲಿಲ್ಲ. ಹೋಗು ಎಂದಿದ್ದರೆ ಹೋಗುತ್ತಿದ್ದಳು.

"ಬಾ ಜಯಾ" ಎಂದೆ.

ಅವಳು ಬಂದಳು. ನಾನು ಬೆನ್ನು ಹಾಕಿ ಕೂತಿದ್ದೆ. ಆಮೇಲೆ ಏನನ್ನಿಸಿತೋ, ತಿರುಗಿದೆ. ಅವಳು ನೋಡಿದಳು. ಅವಸರವಿಲ್ಲದೆ, ಹೊಲಿಗೆಯ ಕೆಲಸದವಳು ಬಟ್ಟೆಯ ಮೇಲಿನ ಹೊಲಿಗೆಯನ್ನು ನೋಡುವಂತೆ ಆ ಗಾಯದ ಗೆರೆಯನ್ನು ಕಂಕುಳವರೆಗೂ ನೋಡಿದಳು.

"ತುಂಬಾ ನೋವಾಗಿತ್ತಾ ಅತ್ಗೆ?"

"ಹೂಂ."

ಅವಳು ಕೋಲಿನಿಂದ ನಾರನ್ನು ಬಿಚ್ಚಿಕೊಂಡು, ನನ್ನನ್ನು ತಿರುಗಿಸಿ ಕೂರಿಸಿ, ಉಜ್ಜತೊಡಗಿದಳು. ತೆಳು ಚರ್ಮದ ಹತ್ತಿರ ಬರೀ ಅಂಗೈಯಲ್ಲಿ ಸೋಪು ಸವರಿದಳು. ಉಳಿದ ಕಡೆ ಮೇಲಿನಿಂದ ಕೆಳಕ್ಕೆ ಉದ್ದುದ್ದ ಎಳೆತ. ನನ್ನ ತಲೆ ತಾನಾಗಿ ಮೊಣಕಾಲ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಅವಳು ಕಿಸಕ್ಕನೆ ನಕ್ಕಳು.

"ಅಯ್ಯೋ ಅತ್ಗೆ, ಏನು ಕೊಳೆ! ಸುರುಳಿ ಸುರುಳಿಯಾಗಿ ಬತ್ತಾ ಅದೆ. ಟೀಚರಮ್ಮ ಅಂದ್ರೆ ಯಾರು ನಂಬ್ತಾರೆ?"

ನಾನೂ ನಕ್ಕೆ. ಅಳುವೂ ಬರುತ್ತಿತ್ತು. ಎಷ್ಟೋ ಹೊತ್ತು ಇಬ್ಬರೂ ಹಾಗೇ ಇದ್ದೆವು. ಕೊನೆಯ ಚೊಂಬು ಸುರಿದ ಮೇಲೆ ಅವಳು ಗೋಡೆಯ ಕಡೆ ನೋಡಿಕೊಂಡು ಹೇಳಿದಳು. "ನನ್ನ ಬೆನ್ನಿಗೂ ಹನ್ನೆರಡು ವರ್ಷದಿಂದ ಯಾರೂ ಕೈ ಇಟ್ಟಿಲ್ಲ ಅತ್ಗೆ. ಯಾರ್ನ ಕೇಳ್ಲಿ? ಗಂಡ ಹೋದೋಳಿಗೆ ಇದೂ ಒಂದು ಆಸೇನಾ ಅಂತಾರೆ."

ಹನ್ನೆರಡು ವರ್ಷ. ನನ್ನದನ್ನು ಒಂದು ವರ್ಷವೆಂದು ಎಣಿಸಿಕೊಂಡು ಕೂತಿದ್ದೆ. ನಾನು ಮದುವೆಯಾಗಿ ಬಂದಾಗ ಒಂಬತ್ತು ವರ್ಷದವಳಿದ್ದ ಅವಳನ್ನು ಭಾನುವಾರ ಭಾನುವಾರ ಕೂರಿಸಿ ಎರೆಯುತ್ತಿದ್ದವಳು ನಾನೇ. ಅವಳ ಗಂಡ ಹೋದ ಮೇಲೆ ಎಷ್ಟು ಸಲ ಮಧುಗಿರಿಗೆ ಬಂದಿದ್ದೇನೆ, ಕಾಫಿ ಕುಡಿದು, ರವಿಕೆ ಅಳತೆ ಕೊಟ್ಟು, ಸಂಜೆ ಬಸ್ಸಿಗೆ ಹೋಗಿದ್ದೇನೆ. ಒಮ್ಮೆಯೂ ಹೊಳೆಯಲಿಲ್ಲ.

"ಕೂತ್ಕೋ" ಎಂದೆ.

ಎಡಗೈಯಲ್ಲಿ ನಿಧಾನವಾಗಿ ಉಜ್ಜಿದೆ. ಮಿಷಿನ್ನಿನ ಮುಂದೆ ಬಗ್ಗಿ ಬಗ್ಗಿ ಅವಳ ಬೆನ್ನಿನ ನಡುವೆ ಗಟ್ಟಿ ಗಂಟುಗಳಿದ್ದವು. ಕೈ ಸೋತಾಗ ನಿಲ್ಲಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ, "ಇನ್ನೊಂಚೂರು" ಎನ್ನುತ್ತಿದ್ದಳು. ನೀರು ಎರಡು ಸಲ ಬೆರೆಸಿದೆವು. ಹೊರಗೆ ಓಬಳಮ್ಮ, "ಏಮ್ಮಾ, ಬದುಕಿದ್ದೀರಾ? ಮುದ್ದೆ ಆರ್ತದೆ!" ಎಂದು ಕೂಗುವವರೆಗೂ ಹೊತ್ತು ಎಷ್ಟಾಯಿತೆಂದು ತಿಳಿಯಲಿಲ್ಲ.

ಮುದ್ದೆ, ಕಡ್ಲೆಕಾಯಿ ಚಟ್ನಿ, ಮಜ್ಜಿಗೆ. ಒದ್ದೆ ಕೂದಲು ಬಿಟ್ಟುಕೊಂಡು ಬಳ್ಳಿಯ ನೆರಳಲ್ಲಿ ಕೂತು ಉಂಡೆವು. ನಾರನ್ನು ಮತ್ತೆ ಕೋಲಿಗೆ ಬಿಗಿದು ಜಯಮ್ಮ ಇಟ್ಟುಕೊಂಡಳು; ತನ್ನ ಎರಡು ಕೈಯೂ ಚೆನ್ನಾಗಿವೆ, ಒಬ್ಬಳೇ ಇರುವ ದಿನಗಳಿಗೆ ಆಗುತ್ತದೆ ಎಂದಳು. ನಾನು ಹಿಡಿಯಿಲ್ಲದ, ಅಂಗೈಯಗಲದ ನಾಲ್ಕು ತುಂಡು ಕೊಂಡೆ. ಓಬಳಮ್ಮ ಅವನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಕತ್ತಾಳೆ ಹುರಿಯಲ್ಲಿ ಕಟ್ಟಿಕೊಟ್ಟರು.

ಪಾವಗಡದಿಂದ ಮಧುಗಿರಿಗೆ ಬಂದಾಗ ಸಂಜೆ ಐದೂವರೆ. ಜಯಮ್ಮ ಇಳಿದಳು. ಕೋಲನ್ನು ಕಂಕುಳಲ್ಲಿ ಹಿಡಿದುಕೊಂಡು ಕಿಟಕಿಯ ಕೆಳಗೆ ನಿಂತು, "ತಿಂಗಳಿಗೊಂದ್ಸಲ ಬತ್ತೀನಿ. ಹಂಡೆ ತುಂಬ ನೀರು ಕಾಯ್ಸಿರಿ" ಎಂದಳು. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಮುಳುಗುವ ಬಿಸಿಲಿಗೆ ಬೆಟ್ಟವೆಲ್ಲ ಕೆಂಪಾಗಿತ್ತು, ಅದರ ಮುಂದೆ ಅವಳು ಇನ್ನೂ ಕೈಯೆತ್ತಿ ನಿಂತಿದ್ದಳು. ಸೀಟಿಗೆ ಒರಗಿದೆ. ಬೆನ್ನು ಹಗುರವಾಗಿ, ಬೆಚ್ಚಗೆ, ನನ್ನದೇ ಆಗಿತ್ತು. ಎಲ್ಲಿ ನಿದ್ದೆ ಬಂತೋ, ಕೊರಟಗೆರೆ ಎಂದು ಕೂಗಿದಾಗ ಎಚ್ಚರವಾಯಿತು.

ನಮ್ಮ ಯಜಮಾನರು ಸ್ಕೂಟರ್ ತಂದು ಕಾಯುತ್ತಿದ್ದರು. ಮೂರು ದಿನದ ಅಡುಗೆ ಕೈಸುಟ್ಟುಕೊಂಡು ಮಾಡಿದ್ದರ ವರದಿ ಒಪ್ಪಿಸಿ, ಪೊಟ್ಟಣ ಬಿಚ್ಚಿ ಒಂದು ತುಂಡನ್ನು ಬೀದಿದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು.

"ಇದಕ್ಕೆ ಹಿಡೀನೇ ಇಲ್ವಲ್ಲೇ. ನೀನು ಹೆಂಗೆ ಉಜ್ಕೋತೀಯ?"

"ಮನೆಗೆ ನಡೀರಿ, ತೋರಿಸ್ತೀನಿ" ಎಂದೆ.

ಅವರು ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಸ್ಕೂಟರ್ ಶುರುಮಾಡುವುದನ್ನು ಮರೆತು, ನನ್ನನ್ನೇ ನೋಡುತ್ತಾ ನಿಂತರು.